‘ನಿಜವಾದ ತಾಯಿ’ ಎಂಬ ಮಾತು

ಮಕ್ಕಳ ಕಾರ್ಟೂನು ಚಿತ್ರಗಳನ್ನು ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗುವುದು ವ್ಯರ್ಥ ಪರಿಶ್ರಮವೆಂದು ನಮ್ಮ ಅಧ್ಯಾಪಕ ಬಂಧುಗಳಲ್ಲಿ ಹಲವರು ಭಾವಿಸಿದ್ದಾರೆ. ‘ಮಕ್ಕಳು ನೋಡುತ್ತವೆ, ನಗುತ್ತವೆ, ಮರೆಯುತ್ತವೆ; ಅಲ್ಲಿ ಹುಡುಕತಕ್ಕದ್ದೇನಿದೆ?’ ಎಂಬುದು ಅವರ ವಾದ. ನೋಡುತ್ತವೆ, ನಗುತ್ತವೆ ಎಂಬುದೇನೋ ದಿಟ. ಮರೆಯುತ್ತವೆ ಎಂಬುದನ್ನು ನಾನೊಪ್ಪಲಾರೆ. ನಿನ್ನೆ ಕಲಿಸಿದ ಏಳರ ಮಗ್ಗಿಯನ್ನು ಇಂದು ಮರೆಯುವ ಹುಡುಗನೇ, ಎರಡು ವರ್ಷಗಳ ಹಿಂದೆ ನೋಡಿದ ಚಿತ್ರದಲ್ಲಿ ಯಾರು ಯಾರನ್ನು ಎಲ್ಲಿ ಬಚ್ಚಿಟ್ಟರೆಂಬುದನ್ನು ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಹೆತ್ತವರಿಂದ ಅಗಲಿದ ಮಗು, ಅದನ್ನು ಸಾಕುವ ಮನೆ, ದತ್ತು ಪಡೆಯುವ ತಾಯಿತಂದೆ, ಇವರ ವಿಷಯದಲ್ಲಿ ಈ ಚಿತ್ರಗಳು ಬಹುಮಟ್ಟಿಗೆ ಸುಳ್ಳು ಹೇಳುತ್ತವೆ. ಆ ಸುಳ್ಳಿನ ಬೆಲೆಯನ್ನು ನಮ್ಮ ತರಗತಿಗಳಲ್ಲಿ ಕುಳಿತ ಕೆಲವು ಮಕ್ಕಳು ತೆರುತ್ತಾರೆ. ಇದೇ ನನ್ನ ಆಕ್ಷೇಪ. ಹೆರದೆ ತಾಯಿಯಾದವಳು ನಾನು; ಆದುದರಿಂದ ಈ ವಿಷಯದಲ್ಲಿ ನನ್ನನ್ನು ತಟಸ್ಥಳೆಂದು ಯಾರೂ ತಿಳಿಯಬೇಕಾಗಿಲ್ಲ.

1937ರ ‘ಸ್ನೋ ವೈಟ್’, 1950ರ ‘ಸಿಂಡರೆಲ್ಲಾ’ ಚಿತ್ರಗಳ ಮಲತಾಯಂದಿರನ್ನು ಬಿಟ್ಟುಬಿಡೋಣ. ಅವರು ಅಜ್ಜಿಕತೆಯಿಂದ ಬಂದವರು. ಅವರ ಪಾಪ ಅಜ್ಜಿಯರ ಮೇಲಿರಲಿ. ಅದೇ ಡಿಸ್ನಿ ಸಂಸ್ಥೆ 2010ರಲ್ಲಿ ಹೊರತಂದ ‘ಟ್ಯಾಂಗಲ್ಡ್’ ಚಿತ್ರವನ್ನು ನೋಡಿರಿ. ಉದ್ದ ಕೂದಲಿನ ರಪುಂಜೆಲಳ ಈ ಕತೆಯೂ ಗ್ರಿಮ್ ಸಹೋದರರ ಸಂಗ್ರಹದ್ದೇ. ಆದರೆ ಮೂಲದಲ್ಲಿ ಅವಳು ಸಾಮಾನ್ಯರ ಮಗಳು. ಬಸುರಿ ಹೆಂಡತಿಯ ಬಯಕೆ ತೀರಿಸಲು ಮಾಟಗಾತಿಯ ತೋಟದಿಂದ ಸೊಪ್ಪು ಕದ್ದು ಸಿಕ್ಕಿಬಿದ್ದ ತಂದೆ, ಹುಟ್ಟಲಿರುವ ಕೂಸನ್ನು ತಾನೇ ಮಾತುಕೊಟ್ಟು ಒಪ್ಪಿಸುತ್ತಾನೆ. ಕತೆಯ ಕೊನೆಗೆ ಆಕೆ ಹೆತ್ತವರ ಮನೆಗೆ ಮರಳುವುದೂ ಇಲ್ಲ. ಚಿತ್ರದವರು ಇದನ್ನು ತಿರುಗಿಸಿದರು. ಸಾಮಾನ್ಯ ದಂಪತಿಗಳು ರಾಜರಾಣಿಯರಾದರು. ಕೊಟ್ಟ ಮಗು ಕದ್ದ ಮಗುವಾಯಿತು. ಹದಿನೆಂಟು ವರ್ಷ ಸಾಕಿದ ಗಾಥೆಲ್ ತನ್ನ ಯೌವನಕ್ಕಾಗಿ ಕೂದಲನ್ನು ಕಾಯ್ದುಕೊಂಡ ಕಳ್ಳಿಯಾದಳು. ಕೊನೆಯಲ್ಲಿ ಆಕೆ ಗೋಪುರದಿಂದ ಬಿದ್ದು ಧೂಳಾಗುತ್ತಾಳೆ. ಬೀಳುವಾಗ ಹುಡುಗಿ ಒಂದು ಕ್ಷಣ ಕೈ ಚಾಚುತ್ತಾಳೆ. ಇಡೀ ಚಿತ್ರದಲ್ಲಿ ಸತ್ಯವಾದ ಗಳಿಗೆ ಅದೊಂದೇ ಎಂದು ನನಗನಿಸುತ್ತದೆ. ಮುಂದೆ ಅದರ ಸುದ್ದಿಯೇ ಇಲ್ಲ. ರಾಜರಾಣಿಯರು ಮುಖ ನೋಡುತ್ತಲೇ ಗುರುತಿಸುತ್ತಾರೆ, ಅಪ್ಪುತ್ತಾರೆ, ಊರಿಗೆ ಊರೇ ಹಬ್ಬ ಮಾಡುತ್ತದೆ. ಹದಿನೆಂಟು ವರ್ಷ ‘ಅಮ್ಮಾ’ ಎಂದು ಕರೆದ ಬಾಯಿ ಒಂದು ದಿನವೂ ಒಣಗುವುದಿಲ್ಲ! ಗಾಥೆಲ್ ದುಷ್ಟೆ, ಒಪ್ಪಿದೆ. ಆದರೆ ಅವಳನ್ನು ಕಳ್ಳಿಯನ್ನಾಗಿ ಮಾಡಿದ್ದು ಜಾನಪದವಲ್ಲ, ಚಿತ್ರದ ಲೇಖಣಿ. ರಕ್ತವು ರಕ್ತವನ್ನು ತಾನಾಗಿ ಗುರುತಿಸುತ್ತದೆ, ಸಾಕಿದವಳಿಗೆ ಏನಾದರೊಂದು ಸ್ವಾರ್ಥವಿದ್ದೇ ಇರುತ್ತದೆ ಎಂಬ ಎರಡು ಪಾಠಗಳನ್ನು ಅದು ಬಣ್ಣ ಬಳಿದು ಕಲಿಸುತ್ತದೆ.

ಅದೇ ವರ್ಷದ ‘ಡೆಸ್ಪಿಕೇಬಲ್ ಮಿ’ ಬೇರೆ ಬಗೆಯದು. ಅಲ್ಲಿ ಗ್ರೂ ಎಂಬ ಕಳ್ಳನು ಇನ್ನೊಬ್ಬ ಕಳ್ಳನ ಮನೆಯನ್ನು ಹೊಗುವ ಉಪಾಯವಾಗಿ, ಬಿಸ್ಕತ್ತು ಮಾರುವ ಮೂವರು ಅನಾಥ ಬಾಲಕಿಯರನ್ನು ಸುಳ್ಳು ದಾಖಲೆ ತೋರಿಸಿ ದತ್ತು ತರುತ್ತಾನೆ. ಅನಾಥಾಲಯದಲ್ಲಿ ತಪ್ಪು ಮಾಡಿದ ಮಕ್ಕಳನ್ನು ಕೂರಿಸಲು ರಟ್ಟಿನ ಪೆಟ್ಟಿಗೆಯೊಂದಿದೆ. ಮಕ್ಕಳಿಂದ ಕೆಲಸ ಕೆಡುತ್ತದೆಂದು ಗ್ರೂವಿನ ಸಹಾಯಕನು ಒಂದು ಕರೆ ಮಾಡಿದೊಡನೆ, ಆಲಯದೊಡತಿ ಬಂದು ಮೂವರನ್ನೂ ಅಂಗಡಿಯ ಸಾಮಾನಿನಂತೆ ಮರಳಿ ಒಯ್ಯುತ್ತಾಳೆ. ಪಟಮಂದಿರದಲ್ಲಿ ನಗೆ! ಮಲಗುವ ಮುನ್ನ ಪುಸ್ತಕ ಓದಿ ಹೇಳುತ್ತ ಹೇಳುತ್ತ ಗ್ರೂ ತಂದೆಯಾಗುವ ದೃಶ್ಯವು ಚೆನ್ನಾಗಿದೆಯೆಂದು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಹಿಂದಕ್ಕೆ ಕಳುಹಿಸಿಬಿಟ್ಟಾರು’ ಎಂಬ ಭಯವು ದತ್ತುಮಗುವಿನ ದಿಂಬಿನ ಕೆಳಗೆ ಸದಾ ಇರುವಂಥದು. ಅದನ್ನು ನಗೆಗೆ ಮೆಟ್ಟಿಲಾಗಿ ಬಳಸಿದವರಿಗೆ ಆ ದಿಂಬನ್ನೆತ್ತಿ ನೋಡುವ ಪ್ರಸಂಗ ಬಂದಿರಲಿಕ್ಕಿಲ್ಲ.

ಇನ್ನು ಪೋಷಕತ್ವದ ವಿಷಯ. ಹೆತ್ತವರು ರೋಗದಿಂದಲೋ ಕಷ್ಟದಿಂದಲೋ ಮಗುವನ್ನು ನೋಡಿಕೊಳ್ಳಲಾರದಾಗ, ಮತ್ತೊಂದು ಮನೆ ಅದನ್ನು ಕೆಲಕಾಲ ಸಾಕುವುದೇ ಪೋಷಕತ್ವ. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯಲ್ಲಿ ಇದಕ್ಕೆ ಎಡೆಯಿದೆ. ದತ್ತು ಪಡೆದ ನಮ್ಮಂಥವರೂ ಆದೇಶ ಕೈಸೇರುವವರೆಗೆ ಕಾಗದದಲ್ಲಿ ‘ದತ್ತುಪೂರ್ವ ಪೋಷಕ’ರೇ. ಅದಕ್ಕೆ ಮುಂಚೆ ಮನೆಗೆ ಬಂದು ವಿಚಾರಿಸಿ ವರದಿ ಬರೆಯುತ್ತಾರೆ. ಮಗು ಮನೆಗೆ ಬಂದ ಮೇಲೂ ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಬಂದು ನೋಡುತ್ತಾರೆ. ಈ ವಿಚಾರಣೆ ನಡೆಸುವವರು ಕಾರ್ಟೂನಿನಲ್ಲಿ ಹೇಗೆ ಕಾಣುತ್ತಾರೆ? 2002ರ ‘ಲಿಲೊ ಅಂಡ್ ಸ್ಟಿಚ್’ ಚಿತ್ರದಲ್ಲಿ, ತಾಯಿತಂದೆಯರನ್ನು ಕಳೆದುಕೊಂಡ ತಂಗಿಯನ್ನು ಹವಾಯಿಯ ಬಡ ಅಕ್ಕ ಸಾಕುತ್ತಿರುವಾಗ, ಕಪ್ಪು ಕನ್ನಡಕದ ದೈತ್ಯಾಕಾರದ ಅಧಿಕಾರಿ ಬಾಗಿಲಲ್ಲಿ ನಿಲ್ಲುತ್ತಾನೆ. ಕೊನೆಗೆ ಅವನೂ ಸಜ್ಜನನೆಂದು ತೋರಿಸುತ್ತಾರೆ. ಆದರೂ ಚಿತ್ರದುದ್ದಕ್ಕೂ ಪರರ ಮನೆಯೆಂದರೆ ಮಗುವಿಗೆ ಬರಬಾರದ ಕೊನೆಯೇ. 2025ರಲ್ಲಿ ಇದನ್ನೇ ನಟನಟಿಯರನ್ನಿಟ್ಟು ಮತ್ತೆ ತೆಗೆದಾಗ, ಅಕ್ಕ ಓದಲು ಹೋಗುತ್ತಾಳೆ, ತಂಗಿ ನೆರೆಮನೆಯ ಅಜ್ಜಿಯ ಆಶ್ರಯದಲ್ಲಿ ಉಳಿಯುತ್ತಾಳೆ. ಕುಟುಂಬವನ್ನು ಕೈಬಿಟ್ಟರೆಂದು ಎಷ್ಟೋ ಪ್ರೇಕ್ಷಕರು ಸಿಡಿದೆದ್ದರು. ಗುರುತಿದ್ದ ಮನೆ, ಅದೇ ಊರು, ಸಾಕಲು ಮನಸ್ಸುಳ್ಳ ಅಜ್ಜಿ! ಪೋಷಕತ್ವವು ಇದಕ್ಕಿಂತ ಚೆನ್ನಾಗಿ ನಡೆಯುವುದು ದುರ್ಲಭ. ಅದನ್ನೂ ದ್ರೋಹವೆಂದು ಕಾಣುವ ಕಣ್ಣು ತಾನಾಗಿ ಹುಟ್ಟಿದ್ದಲ್ಲ. ಹಲವು ದಶಕಗಳ ಚಿತ್ರಗಳು ಅದನ್ನು ತಿದ್ದಿವೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ‘ನಿಜವಾದ ತಾಯಿ’ ಎಂಬ ಮಾತು. ಕಳೆದ ವರ್ಷ ನನ್ನ ಮಗಳನ್ನು ಅವಳ ಗೆಳತಿಯೊಬ್ಬಳು, ‘ನಿನ್ನ ನಿಜವಾದ ಅಮ್ಮ ಎಲ್ಲಿದ್ದಾರೆ?’ ಎಂದು ಕೇಳಿದಳಂತೆ. ಆ ಮಗುವಿನಲ್ಲಿ ಕೇಡಿಲ್ಲ. ಅವಳಿಗೆ ಸಿಕ್ಕಿದ ಪದವೇ ಅದು. ಆದರೆ ಕನ್ನಡಕ್ಕೆ ಈ ದಾರಿದ್ರ್ಯವಿಲ್ಲ. ಹೆತ್ತ ತಾಯಿ, ಸಾಕಿದ ತಾಯಿ ಎನ್ನುತ್ತೇವೆ. ಇಬ್ಬರೂ ತಾಯಂದಿರೇ, ಯಾರು ಏನು ಮಾಡಿದರೆಂಬುದನ್ನು ಮಾತ್ರ ವಿಶೇಷಣವು ಹೇಳುತ್ತದೆ. ಒಬ್ಬಳನ್ನು ನಿಜವೆಂದರೆ ಇನ್ನೊಬ್ಬಳು ಸುಳ್ಳಾಗಲೇಬೇಕು.

ನಮ್ಮ ಕಾಸರಗೋಡಿನ ಕಡೆ ‘ಕರ್ಣಭೇದನ’ ತಾಳಮದ್ದಳೆಯನ್ನು ಕೇಳಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ನೀನು ಕುಂತಿಯ ಚೊಚ್ಚಲ ಮಗ, ಪಾಂಡವರಿಗೆ ಅಣ್ಣ, ಬಾ ಎಂದು ಕೃಷ್ಣನೇ ಕರೆಯುತ್ತಾನೆ. ರಾಜ್ಯವೂ ರಕ್ತವೂ ಒಟ್ಟಿಗೆ ಕೈಗೆ ಬಂದಿವೆ. ಟ್ಯಾಂಗಲ್ಡ್ ಚಿತ್ರದವರಾದರೆ ಇಲ್ಲಿಗೇ ಮಂಗಳ ಹಾಡುತ್ತಿದ್ದರು. ಆದರೆ ವ್ಯಾಸರ ಕರ್ಣನು, ತನ್ನನ್ನೆತ್ತಿಕೊಂಡ ದಿನವೇ ರಾಧೆಯ ಎದೆಯಲ್ಲಿ ಹಾಲುಕ್ಕಿದ್ದನ್ನೂ, ಆಕೆ ತನ್ನ ಮಲಮೂತ್ರಗಳನ್ನು ಬಳಿದದ್ದನ್ನೂ ನೆನೆದು, ಅವಳಿಗೆ ಪಿಂಡ ತಪ್ಪಿಸಲಾರೆನೆನ್ನುತ್ತಾನೆ. ಕುಂತಿಯನ್ನು ಸುಳ್ಳೆನ್ನಲಿಲ್ಲ, ರಾಧೆಯನ್ನು ಬಿಡಲಿಲ್ಲ. ಅರ್ಥಧಾರಿಗಳು ಗಂಟೆಗಟ್ಟಲೆ ಈ ಒಂದೇ ಗಂಟನ್ನು ಬಿಡಿಸುತ್ತ ಕೂರುತ್ತಾರೆ. ಮುಂದಿನ ಸಾಲಿನಲ್ಲಿ ಮಕ್ಕಳೂ ತೂಕಡಿಸುತ್ತ ಕೇಳುತ್ತಿರುತ್ತಾರೆ. ಮಕ್ಕಳಿಗೆ ಇಷ್ಟು ಜಟಿಲವಾದದ್ದು ಅರ್ಥವಾಗದೆಂಬ ಚಿತ್ರೋದ್ಯಮಿಗಳ ಸಬೂಬನ್ನು ನಾನು ನಂಬದಿರುವುದು ಇದರಿಂದಲೇ.

ಅಲ್ಲದೆ, ಮನಸ್ಸು ಮಾಡಿದಾಗ ಅವರಿಗೂ ಬರುತ್ತದೆ. 2007ರ ‘ಮೀಟ್ ದ ರಾಬಿನ್ಸನ್ಸ್’ ಚಿತ್ರದ ಅನಾಥ ಬಾಲಕ, ತನ್ನನ್ನು ಹೆತ್ತವಳು ಆಲಯದ ಬಾಗಿಲಲ್ಲಿ ಬಿಟ್ಟುಹೋದ ರಾತ್ರಿಗೇ ಕಾಲಯಂತ್ರದಲ್ಲಿ ಮರಳಿ, ಆಕೆಯನ್ನು ತಡೆಯದೆ ಬಿಡುತ್ತಾನೆ. ಅದರ ನಿರ್ದೇಶಕ ಸ್ಟೀಫನ್ ಆಂಡರ್ಸನ್ ಸ್ವತಃ ದತ್ತುಪುತ್ರ. ‘ಕುಂಗ್ ಫು ಪಾಂಡಾ’ ಮಾಲಿಕೆಯ 2011ರ ಚಿತ್ರದಲ್ಲಿ, ಮೂಲಂಗಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಪಾಂಡಾ ಮರಿಯನ್ನು ಸಾಕಿದ ಹೆಬ್ಬಾತು ತಂದೆ ಪಿಂಗ್, ಆ ಸಂಗತಿಯನ್ನು ಮಗನಿಗೆ ಹೇಳಲು ತಡವರಿಸುತ್ತಾನೆ. 2016ರದರಲ್ಲಿ ಹೆತ್ತ ತಂದೆ ಬಂದೇಬಿಡುತ್ತಾನೆ. ಪಿಂಗ್ ಹೊಟ್ಟೆಕಿಚ್ಚುಪಡುತ್ತಾನೆ, ಮಗನ ಗಂಟಿನೊಳಗೆ ಅಡಗಿ ಹಿಂಬಾಲಿಸುತ್ತಾನೆ. ಈ ಭಾಗವನ್ನು ನೋಡುವಾಗ ನಾನು ಮಕ್ಕಳೊಡನೆ ನಗಲಾರೆ. ನನ್ನ ಗುಟ್ಟನ್ನು ಯಾರೋ ಹೊರಗೆಳೆದಂತಾಗುತ್ತದೆ. ಕೊನೆಗೆ ಅವನು, ಮಗನಿಗೆ ಇನ್ನೊಬ್ಬ ತಂದೆ ಸಿಕ್ಕಿದರೆ ತನ್ನ ಪಾಲು ಕಡಿಮೆಯಾಗುವುದಿಲ್ಲ, ಮಗನ ಪಾಲು ಹೆಚ್ಚುತ್ತದೆ ಎಂಬುದನ್ನು ಕಾಣುತ್ತಾನೆ. ಕ್ಲೋಡ್ ಬರಾಸ್ ಗೊಂಬೆಗಳಿಂದ ಮಾಡಿದ 2016ರ ಫ್ರೆಂಚ್ ಭಾಷೆಯ ಚಿತ್ರ ‘ಕುರ್ಜೆಟ್ ಆಗಿ ನನ್ನ ಬದುಕು’ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿಯ ಮಕ್ಕಳಾಲಯ ಸೆರೆಮನೆಯಲ್ಲ. ಇಬ್ಬರು ಮಕ್ಕಳನ್ನು ಪೊಲೀಸನೊಬ್ಬ ಮನೆಗೆ ಕರೆದೊಯ್ಯುತ್ತಾನೆ. ಅವರ ಗೆಳೆಯ ಸಿಮೋನ್ ಆಲಯದಲ್ಲೇ ಉಳಿಯುತ್ತಾನೆ. ಹೋಗದೆ ಉಳಿದವನ ಮುಖವನ್ನೂ ತೋರಿಸಿದ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ಚಿತ್ರಗಳನ್ನು ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ರಜಾಶಿಬಿರದಲ್ಲಿ ಟ್ಯಾಂಗಲ್ಡ್ ತೋರಿಸುವವರು ಧಾರಾಳವಾಗಿ ತೋರಿಸಲಿ. ಗ್ರಿಮ್ ಕತೆಯನ್ನೂ ಜೊತೆಗೆ ಓದಿಸಲಿ, ಏನು ಬದಲಾಯಿತು, ಏಕೆ ಎಂದು ಮಕ್ಕಳನ್ನೇ ಕೇಳಲಿ. ಪರಿಸರ ಪಾಠದಲ್ಲಿ ವಂಶವೃಕ್ಷ ಬರೆಯಿಸುವಾಗ ತಾಯಿಗೆ ಒಂದೇ ಚೌಕ, ತಂದೆಗೆ ಒಂದೇ ಚೌಕ ಎಂದು ಹಲಗೆಯ ಮೇಲೆ ಗೆರೆ ಎಳೆದು ಮುಗಿಸುವ ನಮ್ಮ ರೂಢಿಯನ್ನಂತೂ ನಿಲ್ಲಿಸಬೇಕು. ಬೇಕಾದವರು ಇನ್ನೊಂದು ಚೌಕ ಹಾಕಿಕೊಳ್ಳಿರೆಂದು ಎಲ್ಲ ಮಕ್ಕಳಿಗೂ ಒಟ್ಟಾಗಿ ಹೇಳಿದರಾಯಿತು. ಯಾರನ್ನೂ ಬೊಟ್ಟುಮಾಡಿ ತೋರಿಸಬೇಕಾಗಿಲ್ಲ. ಇದಕ್ಕೆ ಇಲಾಖೆಯ ಸುತ್ತೋಲೆ ಬರಲೆಂದು ಕಾಯುವವರು, ವಂಶವೃಕ್ಷದ ಪಾಠ ಬರುವ ವಾರ ನನ್ನ ತರಗತಿಗೆ ಬಂದು ನೋಡಬಹುದು.