ಹಳೆಯ ಯೆಜ್ಡಿಯೂ ಮಣ್ಣಿನ ಪಂದ್ಯವೂ

ನಮ್ಮ ಗಡಿನಾಡಿನ ಮನೆಗಳಲ್ಲಿ ತಂದೆಯ ಕಾಲದ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ಲು ಉಳಿದಿದ್ದರೆ ಅದನ್ನು ಹಳೆಯ ಕಬ್ಬಿಣವೆಂದು ಎಣಿಸಲಾಗದು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಸಿದ್ಧವಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವಾದರೂ ಅವುಗಳ ಗೇರು ಹಳೆಯದಕ್ಕೆ ಹೊಂದುವುದಿಲ್ಲ. ಆದುದರಿಂದ ಇಂಥ ಗಾಡಿಯನ್ನು ಮಣ್ಣಿನ ಪಂದ್ಯಕ್ಕೆ ಮಾರ್ಪಡಿಸಬಯಸುವ ತರುಣರು ಮೊದಲು ಗೇರ್‌ಬಾಕ್ಸಿನ ಆಯುಷ್ಯವನ್ನು ವಿಚಾರಿಸತಕ್ಕದ್ದು.

ರಸ್ತೆಯ ಮೇಲೆ ಎಂಜಿನ್ನಿನ ಬಲ ಗೇರಿನ ಹಲ್ಲುಗಳಿಗೆ ಬಹುಮಟ್ಟಿಗೆ ಸಮನಾಗಿ ತಾಗುತ್ತದೆ. ಮಣ್ಣಿನಲ್ಲಿ ಹಾಗಲ್ಲ. ಗಾಡಿ ದಿಬ್ಬದಿಂದ ಹಾರಿದಾಗ ಹಿಂಚಕ್ರವು ಭರದಿಂದ ತಿರುಗಿ, ನೆಲ ಮುಟ್ಟಿದೊಡನೆ ತಟ್ಟನೆ ತಡೆಗೊಳ್ಳುತ್ತದೆ. ಆ ಪೆಟ್ಟು ಚೈನಿನ ಮೂಲಕ ಗೇರಿಗೆ ಏರುತ್ತದೆ. ಮುರಿದ ಹಲ್ಲು ಗೇರುಗಳ ನಡುವೆ ಸಿಕ್ಕಿಕೊಂಡರೆ ಚಕ್ರವೇ ಬಿಗಿದು ಸವಾರನು ಉರುಳುವನು. ಆಗ ಹಾನಿ ಹಣದ್ದು ಮಾತ್ರವಲ್ಲ, ಕೈಕಾಲಿನದೂ ಹೌದು.

ಕೊರೋಚಿ, ಇಚಲಕರಂಜಿಗಳ ಯಂತ್ರಮಗ್ಗಗಳನ್ನು ಕಂಡವರಿಗೆ ಪರಿಹಾರವನ್ನು ವಿವರಿಸುವುದು ಸುಲಭ. ಓಡಿ ಬರುವ ಲಾಳಿಯ ಪೆಟ್ಟನ್ನು ಮಗ್ಗದ ಕಬ್ಬಿಣ ನೇರವಾಗಿ ತಾಳುವುದಿಲ್ಲ. ತೊಗಲಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಿಕರ್ ಅದನ್ನು ನುಂಗುತ್ತದೆ. ಪಿಕರ್ ಸವೆಯುತ್ತದೆ, ಮಗ್ಗ ಉಳಿಯುತ್ತದೆ. ಈ ಗಾಡಿಗಳಲ್ಲಿ ಆ ಕೆಲಸವನ್ನು ಹಿಂಚಕ್ರದ ರಬ್ಬರು ತುಂಡುಗಳೂ ಕ್ಲಚ್ಚೂ ಮಾಡುತ್ತವೆ. ಕಲ್ಲಾದ ರಬ್ಬರನ್ನು ಬದಲಿಸಬೇಕು. ಕ್ಲಚ್ಚು ಜಾರದಿರಲೆಂದು ಅತಿ ಬಿರುಸಾದ ಸ್ಪ್ರಿಂಗು ಹಾಕುವವರುಂಟು. ಆಗ ಕ್ಲಚ್ಚು ನುಂಗಬೇಕಾದ ಪೆಟ್ಟು ಗೇರಿನ ಪಾಲಾಗುತ್ತದೆ.

ಎಳೆತ ಹೆಚ್ಚಲೆಂದು ಕೆಲವರು ಮುಂದಿನ ಸ್ಪ್ರಾಕೆಟ್ಟನ್ನು ಚಿಕ್ಕದು ಮಾಡುತ್ತಾರೆ. ಅದು ಅಗ್ಗದ ಉಪಾಯ. ಆದರೆ ಚೈನಿನ ಸೆಳೆತ ಹೆಚ್ಚಿ ಗೇರ್‌ಬಾಕ್ಸಿನ ಬೇರಿಂಗಿಗೆ ಭಾರವಾಗುತ್ತದೆ. ಹಿಂದಿನದನ್ನು ದೊಡ್ಡದು ಮಾಡುವುದು ಮೇಲು. ಉದಾಹರಣೆಗೆ, 45 ಹಲ್ಲಿನದಕ್ಕೆ ಬದಲಾಗಿ 50 ಹಲ್ಲಿನದನ್ನು ಹಾಕಿದರೆ, ಚಕ್ರದಲ್ಲಿ ಅದೇ ನೂಕುಬಲ ಪಡೆಯಲು ಗೇರು ಹೊರುವ ಭಾರ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದಲ್ಲಿ, ಚಕ್ರ ಮೇಲೆ ಕೆಳಗೆ ಆಡುವಾಗ ಚೈನು ಎಲ್ಲಿ ಅತ್ಯಂತ ಬಿಗಿಯಾಗುವುದೋ ಅಲ್ಲಿಯೂ ತುಸು ಸಡಿಲ ಉಳಿದಿರಬೇಕು.

ಇನ್ನು ಎಣ್ಣೆಯ ಮಾತು. ಎಂಜಿನ್ನಿನ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಹೋಗುತ್ತದೆ. ಗೇರಿನ ಎಣ್ಣೆ ಬೇರೆ. ಕ್ಲಚ್ಚೂ ಅದರಲ್ಲಿಯೇ ಮುಳುಗಿರುವುದರಿಂದ ಅದರ ಸವೆತದ ಪುಡಿಯೂ ಅಲ್ಲಿ ಸೇರುತ್ತದೆ. ಪ್ರತಿ ಪಂದ್ಯದ ಬಳಿಕ ಎಣ್ಣೆಯನ್ನು ಇಳಿಸಿ ಅಯಸ್ಕಾಂತ ಆಡಿಸಿ ನೋಡಿರಿ. ನುಣ್ಣನೆಯ ಪುಡಿ ಸಹಜ. ಚೂರು ಕಂಡರೆ ಗೇರ್‌ಬಾಕ್ಸು ಬಿಚ್ಚಲೇಬೇಕು. ಹಾಕಿದ ಗೇರು ತಾನಾಗಿ ಜಾರುತ್ತಿದ್ದರೂ ಹಾಗೆಯೇ.

ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವಗಳಲ್ಲಿ ಎರಕದ ಕಾರ್ಖಾನೆಗಳು ಬಹಳ. ಆದರೆ ಮುರಿದ ಗೇರಿನ ಅಚ್ಚು ತೆಗೆದು ಎರಕ ಹೊಯ್ದರೆ ಸಾಲದು. ಮಿಶ್ರ ಉಕ್ಕನ್ನು ಕಡೆದು, ಹೊರಮೈ ಮಾತ್ರ ಗಡಸಾಗುವಂತೆ ಕಾಯಿಸಿ ತಣಿಸಬೇಕು. ಒಳಗೂ ಗಡಸಾದ ಹಲ್ಲು ಪೆಟ್ಟಿಗೆ ಗಾಜಿನಂತೆ ಸಿಡಿಯುತ್ತದೆ.

ಹೀಗೆ ಮಾರ್ಪಡಿಸಿದ ಗಾಡಿ ಪಂದ್ಯದ ಮೈದಾನಕ್ಕೆ ಮಾತ್ರ ಸಲ್ಲುತ್ತದೆ. ನೋಂದಾಯಿತ ವಾಹನವನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಡೆಯುಂಟು. ಹಿರಿಯರು ಮಕ್ಕಳ ಉತ್ಸಾಹಕ್ಕೆ ಅಡ್ಡ ಬರಲಿ ಎಂದು ನಾವು ಹೇಳುವುದಿಲ್ಲ. ಬಲ್ಲ ಮಿಸ್ತ್ರಿಯ ಬಳಿ ಕುಳಿತು ಗೇರ್‌ಬಾಕ್ಸನ್ನು ಬಿಚ್ಚಿಸಿ, ಒಂದೊಂದು ಹಲ್ಲನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಗಾಡಿ ಮಣ್ಣಿಗಿಳಿಯಲಿ ಎಂಬುದಷ್ಟೇ ನಮ್ಮ ಸೂಚನೆ.