ನಾಲ್ಕು ಮತಗಳಿಂದ ಸೋತ ಪೈಪು

ಮನೆಯ ಛಾವಣಿಗೆ ಕಾಂಕ್ರೀಟು ಸುರಿಯುವ ಮುನ್ನ ಕಂಬಿಗಳ ನಡುವೆ ವೈರಿಂಗ್‌ನವರು ಪಿವಿಸಿ ಪೈಪು ಹಾಸುವುದನ್ನು ನಮ್ಮಲ್ಲಿ ಯಾರೂ ಬೆರಗಿನಿಂದ ನೋಡುವುದಿಲ್ಲ. ಹಗುರ, ಅಗ್ಗ, ಬೇಕಾದತ್ತ ಬಾಗುತ್ತದೆ. ಅಮೆರಿಕದಲ್ಲಿ 1980ರಲ್ಲಿ ಇದೇ ಜಾತಿಯ ಪೈಪನ್ನು ಮಾರುಕಟ್ಟೆಯ ಹೊಸ್ತಿಲಲ್ಲೇ ತಡೆಯಲಾಯಿತು. ತಡೆದದ್ದು ಸರ್ಕಾರವಲ್ಲ, ಗಿರಾಕಿಯೂ ಅಲ್ಲ. ಒಂದು ಖಾಸಗಿ ಸಂಘದ ವಾರ್ಷಿಕ ಸಭೆ.

ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಎಂಬ ಆ ಸಂಘದ ವಿದ್ಯುತ್ ಸಂಹಿತೆ ಹೆಸರಿಗಷ್ಟೇ ಸಲಹೆ. ಬಹುಪಾಲು ರಾಜ್ಯಗಳು ಅದನ್ನೇ ಕಾನೂನು ಮಾಡಿಕೊಳ್ಳುತ್ತಿದ್ದವು. ಅದನ್ನು ಮೀರಿದ ಕಟ್ಟಡಕ್ಕೆ ಅನೇಕ ಕಂಪನಿಗಳು ವಿಮೆ ಕೊಡುತ್ತಿರಲಿಲ್ಲ. 1981ರ ಆವೃತ್ತಿಗೆ ಪಿವಿಸಿ ಪೈಪನ್ನು ಸೇರಿಸಲು ತಜ್ಞರ ಸಮಿತಿ ಒಪ್ಪಿತ್ತು. ಸಭೆಯ ಒಪ್ಪಿಗೆಯೊಂದು ಬಾಕಿ.

ಉಕ್ಕಿನ ಪೈಪಿನವರು ಜನ ಕೂಡಿಸಲು ಹೊರಟರು. 1 ಲಕ್ಷ ಡಾಲರಿಗೂ ಹೆಚ್ಚು ಖರ್ಚಿನಲ್ಲಿ 230 ಮಂದಿಯನ್ನು ಸಂಘಕ್ಕೆ ಸೇರಿಸಿ ಸಭೆಗೆ ಕರೆತಂದರು. ಆಲೈಡ್ ಟ್ಯೂಬ್ ಕಂಪನಿಯೊಂದೇ ತಂದವರು 155. ಅವರಲ್ಲಿ ವಿದ್ಯುತ್ ಸಾಮಾನನ್ನೇ ಮಾರದ ವಿಭಾಗಗಳ ನೌಕರರಿದ್ದರು, ಮಾರಾಟ ನಿರ್ದೇಶಕರೊಬ್ಬರ ಪತ್ನಿಯೂ ಇದ್ದರು. ಎಲ್ಲಿ ಕೂರಬೇಕು, ಹೇಗೆ ಮತ ಹಾಕಬೇಕು ಎಂದು ಮೊದಲೇ ಹೇಳಿಕೊಡಲಾಗಿತ್ತು. ಗುಂಪಿನ ಮುಂದಾಳುಗಳು ವಾಕಿಟಾಕಿಯಲ್ಲಿ, ಕೈಸನ್ನೆಯಲ್ಲಿ ನಡೆಸುತ್ತಿದ್ದರು. ಇವರಲ್ಲಿ ಒಬ್ಬರೂ ಎದ್ದು ನಿಂತು ಪಿವಿಸಿ ಏಕೆ ಬೇಡ ಎಂದು ಹೇಳಲಿಲ್ಲ.

394 ವಿರೋಧ, 390 ಪರ.

ಉಕ್ಕಿನವರ ವಾದ ಪೂರಾ ಸುಳ್ಳಾಗಿರಲಿಲ್ಲ ಎಂಬುದು ಈ ಕಥೆಯ ಮುಖ್ಯ ಅಂಶ. ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದರೆ ಪಿವಿಸಿ ಉರಿದು ವಿಷದ ಹೊಗೆ ಕಾರಬಹುದೆಂಬ ಆತಂಕಕ್ಕೆ ವೈಜ್ಞಾನಿಕ ಆಧಾರವಿತ್ತು. ಪಿವಿಸಿ ಪೈಪಿನ ತಯಾರಕರು ಆಲೈಡ್ ಟ್ಯೂಬ್ ಮೇಲೆ ಮೊಕದ್ದಮೆ ಹೂಡಿದಾಗ, ಕಂಪನಿ ಸಂಘದ ನಿಯಮ ಮುರಿದಿಲ್ಲ, ಆತಂಕದಲ್ಲಿ ಒಂದಿಷ್ಟು ಪ್ರಾಮಾಣಿಕತೆಯೂ ಇತ್ತು ಎಂದು ಜ್ಯೂರಿಯೇ ಒಪ್ಪಿತು. ಆದರೂ 38 ಲಕ್ಷ ಡಾಲರ್ ನಷ್ಟ ಲೆಕ್ಕಹಾಕಿತು. ಕಾನೂನಿನಂತೆ ತೆರಬೇಕಾದದ್ದು ಅದರ ಮೂರು ಪಟ್ಟು. 1988ರಲ್ಲಿ ಸುಪ್ರೀಂ ಕೋರ್ಟೂ ಆಲೈಡ್ ಟ್ಯೂಬ್‌ನ ಮೇಲ್ಮನವಿಯನ್ನು ಒಪ್ಪಲಿಲ್ಲ. ಅಪಾಯವಿದ್ದರೆ ಪುರಾವೆ ತಂದು ಮಂಡಿಸಬೇಕಿತ್ತು, ತಲೆ ಎಣಿಸಿ ಗೆಲ್ಲುವುದಲ್ಲ. ಈ ತೀರ್ಪು ಸರಿಯಾದದ್ದು.

ನಿಯಮ ಬರೆಯುವ ಕೋಣೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ನಮ್ಮದೂ ಹೌದು. ನಮ್ಮಲ್ಲೂ ಗುಣಮಟ್ಟದ ಆದೇಶಗಳು ಬಂದಿವೆ. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಆದೇಶ ಹೊರಬಿದ್ದದ್ದು 2020ರ ಫೆಬ್ರವರಿಯಲ್ಲಿ, ಜಾರಿಯಾದದ್ದು 2021ರ ಜನವರಿ 1ರಂದು. ಮಗು ಬಾಯಿಗಿಡುವ ವಸ್ತುವಿನಲ್ಲಿ ವಿಷದ ಬಣ್ಣ ಇರಕೂಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಕಾರ್ಖಾನೆಗೆ ಪರೀಕ್ಷೆ, ಪರವಾನಗಿಗಳ ಖರ್ಚು ಎಷ್ಟೋ ಆಟಿಕೆಗಳ ಮೇಲೆ ಹಂಚಿಹೋಗುತ್ತದೆ. ಚನ್ನಪಟ್ಟಣದ ಓಣಿಯಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಹಚ್ಚುವವರಿಗೆ ಅದು ಕಸುಬನ್ನೇ ನುಂಗುವ ಮೊತ್ತ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು, ನಿಜ. ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ, ತಿದ್ದುಪಡಿಯಾಗಿ. ನೋಂದಣಿಯ ಕಾಗದವಿಲ್ಲದ ಕೆಲಸಗಾರರಿಗೆ ಅದು ಆಗಲೂ ದಕ್ಕಲಿಲ್ಲ.

ಇಂಥ ಆದೇಶದ ಹಿಂದಿರುವ ಮಾನದಂಡದ ಪ್ರತಿ ಕರಡಿನ ಜೊತೆ ಅದನ್ನು ಬರೆದ ಸಮಿತಿಯ ಸದಸ್ಯರ ಹೆಸರೂ, ಅವರಿಗೆ ಸಂಬಳ ಕೊಡುವ ಸಂಸ್ಥೆಯ ಹೆಸರೂ ಅಚ್ಚಾಗಬೇಕು. ಕರಡು ಕನ್ನಡದಲ್ಲೂ ಬರಬೇಕು. ಅಂತಿಮ ಸಹಿ ಬೀಳುವ ಮೊದಲು ಅದನ್ನು ಚನ್ನಪಟ್ಟಣದಲ್ಲಿ, ಕಡೆಯುವ ಯಂತ್ರದ ಮುಂದೆ ಕೂತವರ ಎದುರು ಒಮ್ಮೆ ಓದಬೇಕು.