ಮೊಳೆಗೆ ತೂಗಿದ ಬಾಟಲಿ

ನಮ್ಮ ಕೇರಿಯ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆದದ್ದು ಬಾಬಾಸಾಹೇಬರ ಪಟ ಹಾಕಲಿಕ್ಕೆ. ಈಗ ಪಕ್ಕದಲ್ಲೇ ಇನ್ನೊಂದು ಮೊಳೆ, ಅದಕ್ಕೆ ಗ್ಲೂಕೋಸ್ ಬಾಟಲಿ. ಕೆಳಗೆ ಚಾಪೆಯ ಮೇಲೆ ನಮ್ಮವ್ವ. ಮೂರು ದಿನದಿಂದ ಕಬ್ಬಿನ ಗದ್ದೆಗೆ ಹೋಗಿಲ್ಲ. "ಸುಸ್ತು ಕಣ್ಲಾ, ಕೈಕಾಲ್ನಲ್ಲಿ ಸಕ್ತಿನೇ ಇಲ್ಲ. ಒಂದ್ ಬಾಟ್ಲಿ ಹಾಕುಸ್ಬುಡು, ನಾಳಿಕ್ಕೆ ಎದ್ದೋಯ್ತೀನಿ." ಮಂಡ್ಯ, ಮದ್ದೂರು, ಮಳವಳ್ಳಿಯ ಕೇರಿಗಳಲ್ಲಿ ಈ ಮಾತು ಕೇಳದ ಕಿವಿ ಯಾವುದಿದೆ?

ಆ ಬಾಟಲಿಯೊಳಗೆ ಏನಿದೆ? ಲೆಕ್ಕ ಹಾಕೋಣ. ನಮಗೆ ಲೆಕ್ಕ ಬರುವುದಿಲ್ಲ ಅಂದುಕೊಂಡೇ ಅಲ್ಲವೆ ಇದೆಲ್ಲ ನಡೆದದ್ದು! ನೂರಕ್ಕೆ 5ರ ಗ್ಲೂಕೋಸ್, 500 ಮಿಲಿಲೀಟರ್. ಅಂದರೆ 25 ಗ್ರಾಂ ಸಕ್ಕರೆ, ಐದಾರು ಚಮಚ. ಹೆಚ್ಚೆಂದರೆ 100 ಕ್ಯಾಲೊರಿ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 300ಕ್ಕೂ ಮೇಲಿದೆ. ಮೂರು ಬಾಟಲಿ ಸೇರಿದರೂ ಒಂದು ಮುದ್ದೆಗೆ ಸಮ ಬರುವುದಿಲ್ಲ ಸ್ವಾಮಿ! 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಂದಿನಿಂದ ಕಬ್ಬು ಕಡಿದು, ಹೊತ್ತು, ನಾಡಿಗೆಲ್ಲ ಸಿಹಿ ಹಂಚಿದವರು ನಾವು. ಇವತ್ತು ಐದು ಚಮಚ ಸಿಹಿಯನ್ನು ಸಾಲ ಮಾಡಿ ನರಕ್ಕೆ ಹಾಕಿಸಿಕೊಳ್ಳುತ್ತಿದ್ದೇವೆ.

ಬಾಟಲಿಯೊಂದಕ್ಕೇ ದುಡ್ಡಲ್ಲ. ಪೈಪಿಗೆ, ಸೂಜಿಗೆ, ನೀರು ಹಳದಿಯಾಗಿ 'ಪವರ್' ಕಾಣಲೆಂದು ಬೆರೆಸುವ ವಿಟಮಿನ್ನಿಗೆ, ಮನೆತನಕ ಬಂದುಹೋದದ್ದಕ್ಕೆ. ಪಕ್ಕದಲ್ಲಿ ಕೂರಲು ಮಗಳು ಸ್ಕೂಲು ಬಿಡಬೇಕು. 2018ರಿಂದ ಆಯುಷ್ಮಾನ್ ಕಾರ್ಡು ಇದೆ, ವರ್ಷಕ್ಕೆ 5 ಲಕ್ಷ ಅಂತಾರೆ. ಅದು ಆಸ್ಪತ್ರೆಯ ಮಂಚಕ್ಕೆ, ನಮ್ಮ ಗೋಡೆಯ ಮೊಳೆಗಲ್ಲ. ಆದ್ದರಿಂದ ಸಂಘದ ಸಾಲ, ಆಮೇಲೆ ಬಡ್ಡಿ ಸಾಲ, ಕೊನೆಗೆ ಕಿವಿಯ ಓಲೆ.

ಹಾಕಲು ಬರುವವನು ಏನು ಓದಿದ್ದಾನೋ, ಊರವರಿಗೆ ಅವನು ಡಾಕ್ಟ್ರು. ಅವ್ವನ ಕೈ ಹಿಡಿದು ತಿರುವಿ ನರ ಹುಡುಕುತ್ತಾನೆ. "ಒಂದ್ಲೋಟ ಕಾಪಿ ಕುಡೀರಿ ಸ್ವಾಮಿ" ಅಂದರೆ, "ಈಗ್ತಾನೆ ಆಯ್ತು ಕಣವ್ವ" ಅನ್ನುತ್ತಾನೆ. ಪ್ರತಿಸಲವೂ ಈಗತಾನೆ ಆಗಿರುತ್ತದೆ! ನಮ್ಮ ರಕ್ತದೊಳಕ್ಕೆ ನೀರು ಬಿಡಬಹುದು, ನಮ್ಮ ಲೋಟದ ನೀರು ಅವನ ಗಂಟಲಲ್ಲಿ ಇಳಿಯುವುದಿಲ್ಲ. ನೋಟಿಗೆ ಮಾತ್ರ ಮೈಲಿಗೆಯಿಲ್ಲ.

ಅವನಿಗೆ ಫೋನು ಮಾಡಿದವರು ಯಾರು? ನಾವೇ, ಓದಿದ ಮಕ್ಕಳು. ಅವ್ವ ಗದ್ದೆಯಿಂದ ಬರುವ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯ ಬಾಗಿಲು ಹಾಕಿರುತ್ತದೆ ನಿಜ. ಆದರೆ ಬಾಟಲಿ ಹಾಕಿಸಿದರೆ 'ತಾಯಿಗೆ ಮಾಡಿದ' ಅನ್ನಿಸಿಕೊಳ್ಳುವ ಆಸೆ ನಮಗೂ ಇತ್ತು.

ಸಲೈನೇ ಬೇಡ ಅನ್ನುತ್ತಿಲ್ಲ. ವಾಂತಿಭೇದಿಯಲ್ಲಿ ಕುಡಿದದ್ದು ನಿಲ್ಲದವರಿಗೆ, ಪ್ರಜ್ಞೆ ತಪ್ಪಿದವರಿಗೆ ಅದೇ ಜೀವ. ಅಂಥವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕು. ಕರುಳು ಕಳಕೊಂಡವರಿಗೆ ರಕ್ತನಾಳದಲ್ಲೇ ಪೂರಾ ಊಟ ಕೊಡುವ ವಿದ್ಯೆಯೂ 1960ರ ದಶಕದಿಂದ ಇದೆ. ಅದು ಬರೀ ಸಕ್ಕರೆ ನೀರಲ್ಲ. ಪ್ರೋಟೀನು, ಕೊಬ್ಬು, ಲವಣ ಎಲ್ಲ ಬೇಕು, ಎದೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಇಳಿಸಬೇಕು, ಕೈ ಚೂರು ಕೊಳೆಯಿದ್ದರೂ ರಕ್ತ ನಂಜಾಗುತ್ತದೆ. ಮನೆಯಲ್ಲಿ ಫ್ರಿಜ್ಜು ಬೇಕು, ರಾತ್ರಿಯೆಲ್ಲ ಎದ್ದಿರುವವರು ಬೇಕು. ಒಂದೇ ಅಂಕಣದ ಮನೆಯಲ್ಲಿ, ಒಲೆಯ ಹೊಗೆಯಲ್ಲಿ? ಉಳ್ಳವರ ಮನೆಗೆ ಆ ವಿದ್ಯೆ, ನಮಗೆ ಅದರ ವೇಷ!

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾಂವ್ ಶಿಬಿರದಲ್ಲಿ ಕಾಲರಾ. ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಗ್ಲೂಕೋಸಿನ ನೀರನ್ನು ಬಾಯಿಗೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಬಹುಪಾಲು ರೋಗಿಗಳ ಮನೆಯವರೇ. ಅರ್ಧ ಶತಮಾನವಾದರೂ ಈ ಸುದ್ದಿ ನಮ್ಮ ಕೇರಿಗೆ ಯಾಕೆ ಬರಲಿಲ್ಲ? ಅದರಲ್ಲಿ ಯಾರಿಗೂ ಲಾಭವಿಲ್ಲ, ಅದಕ್ಕೆ.

ಅವ್ವನಿಗೆ ಬೇಕಿರುವುದು ರಕ್ತ ಪರೀಕ್ಷೆ, ಹೊಟ್ಟೆತುಂಬ ಮುದ್ದೆ ಸೊಪ್ಪು, ಕಾಯಿಲೆ ಬಿದ್ದ ದಿನದ ಕೂಲಿ, ಕತ್ತಲಾದ ಮೇಲೂ ತೆರೆದಿರುವ ಆಸ್ಪತ್ರೆ. ಇದನ್ನು ಸರ್ಕಾರದಿಂದಲೂ ಗದ್ದೆಯ ಯಜಮಾನರಿಂದಲೂ ಕೇಳುತ್ತೇವೆ. ಬಾಟಲಿ ಹಿಡಿದು ಬರುವವನನ್ನು ಮುಂದಿನ ಸಲ ಹೊಸಲಲ್ಲೇ ನಿಲ್ಲಿಸಿ ಕೇಳುತ್ತೇವೆ: ಯಾವ ಕಾಯಿಲೆಗೆ ಸ್ವಾಮಿ ಇದು? ರಕ್ತ ನೋಡಿದಿರಾ? ನಿಮ್ಮ ನೋಂದಣಿ ಎಲ್ಲಿ? ಚೀಟಿಯಲ್ಲಿ ಬರೆದು ರುಜು ಹಾಕಿ ಕೊಡಿ.